ಸಾಫ್ಟ್‌ವೇರ್ ಬರೆಯುವ ಮೊದಲು ಕೌಂಟರಿನಲ್ಲಿ ಬಂದು ಕೂತು ನೋಡಿ

ಸಂಪಾದಕರೇ,

ನಾನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿನಲ್ಲಿದ್ದೇನೆ. 22 ವರ್ಷ ಆಯಿತು. ಶುರುವಿನಲ್ಲಿ ಕೈಯಲ್ಲೇ ಚೀಟಿ ಬರೆಯುತ್ತಿದ್ದೆವು, ಆಮೇಲೆ ಒಂದು ಹಳೇ ಕಂಪ್ಯೂಟರ್ ಪ್ರೋಗ್ರಾಂ ಬಂತು, ಹೋದ ವರ್ಷ ಅದನ್ನು ತೆಗೆದು ಹೊಸ ಸಾಫ್ಟ್‌ವೇರ್ ಹಾಕಿದರು. ಆ ಹೊಸದರ ಬಗ್ಗೆಯೇ ಈ ಪತ್ರ. ಆಸ್ಪತ್ರೆಯ ಹೆಸರು, ಕಂಪನಿಯ ಹೆಸರು ಬೇಡ. ಇದು ನಮ್ಮಲ್ಲಿ ಮಾತ್ರ ಆಗಿರುವುದಲ್ಲ, ಬೇರೆ ಆಫೀಸುಗಳಲ್ಲಿ ಕೆಲಸ ಮಾಡುವ ಸ್ನೇಹಿತರೂ ಇದನ್ನೇ ಹೇಳುತ್ತಾರೆ.

ಒಂದು ಬೆಳಿಗ್ಗೆ ನಡೆದದ್ದನ್ನು ಹೇಳುತ್ತೇನೆ. ಪಾವಗಡದ ಕಡೆಯಿಂದ ಒಬ್ಬ ಅಜ್ಜಿ ರಾತ್ರಿ ಬಸ್ಸಿಗೆ ಬಂದು ಸಾಲಲ್ಲಿ ನಿಂತಿದ್ದರು. ಹೆಸರು ಕೇಳಿದೆ, ಲಕ್ಷ್ಮಮ್ಮ ಅಂದರು. ಸ್ಕ್ರೀನು 'ಲಾಸ್ಟ್ ನೇಮ್' ಕೇಳುತ್ತದೆ, ಕೆಂಪು ಚುಕ್ಕಿ ಹಾಕಿದ್ದಾರೆ, ಬಿಟ್ಟರೆ ಮುಂದಕ್ಕೆ ಹೋಗಲ್ಲ. ನಮ್ಮ ಕಡೆ ಲಕ್ಷ್ಮಮ್ಮ ಕೋಂ ಹನುಮಂತಪ್ಪ ಅಂತ ಬರೆಯುವುದು ರೂಢಿ. ಅದರಲ್ಲಿ ಲಾಸ್ಟ್ ನೇಮ್ ಯಾವುದು? ನಾನು ಗಂಡನ ಹೆಸರು ಹಾಕುತ್ತೇನೆ, ಪಕ್ಕದ ಕೌಂಟರಿನವರು ಊರ ಹೆಸರು ಹಾಕುತ್ತಾರೆ, ಮಧ್ಯಾಹ್ನದ ಶಿಫ್ಟಿನ ಹುಡುಗ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾನೆ. ಆಮೇಲೆ ಹುಟ್ಟಿದ ತಾರೀಖು. ಅಜ್ಜಿಗೆ ಗೊತ್ತಿಲ್ಲ, "ಎಪ್ಪತ್ತಾಗಿರ್ಬೇಕು ತಾಯಿ" ಅಂದರು. ಹಳೇ ಪ್ರೋಗ್ರಾಂನಲ್ಲಿ ವಯಸ್ಸು ಅಂತ ಒಂದು ಖಾನೆ ಇತ್ತು, 70 ಹಾಕಿದರೆ ಮುಗೀತು. ಹೊಸದರಲ್ಲಿ ತಾರೀಖೇ ಬೇಕಿತ್ತು, ಅದಕ್ಕೆ ನಾವೆಲ್ಲ ಜನವರಿ 1 ಅಂತ ಹಾಕುತ್ತಿದ್ದೆವು. ಕೊನೆಗೆ ಫೋನ್ ನಂಬರು, ಅದಕ್ಕೆ ಓಟಿಪಿ. "ನಂಬರು ನನ್ನ ಮಗಂದು ತಾಯಿ, ಅವನು ಪೀಣ್ಯದ ಫ್ಯಾಕ್ಟ್ರೀಲವನೆ, ಒಳಗೆ ಫೋನ್ ಬಿಡಲ್ಲ" ಅಂದರು ಅಜ್ಜಿ. ಓಟಿಪಿ ಅವನ ಫೋನಿಗೆ ಹೋಯಿತು, ಫೋನು ಗೇಟಿನ ಹತ್ತಿರದ ಪೆಟ್ಟಿಗೆಯಲ್ಲಿತ್ತು. ನಾನು ನನ್ನ ಸ್ವಂತ ನಂಬರು ಹಾಕಿ ಚೀಟಿ ಕೊಟ್ಟೆ. ಅಷ್ಟರಲ್ಲಿ ಹಿಂದಿನವರು ಕೂಗಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಸ್ವಲ್ಪ ಲೇಟಾಯಿತು ಅಂತ ಸುಮ್ನೆ ಇರಬಹುದಿತ್ತು. ಆದರೆ ಮೂರು ತಿಂಗಳು ಬಿಟ್ಟು ಅದೇ ಅಜ್ಜಿ ಮತ್ತೆ ಬಂದರು, ಚೀಟಿ ಕಳೆದುಕೊಂಡಿದ್ದರು. ಹೆಸರು ಹಾಕಿ ಹುಡುಕಿದರೆ ಜನವರಿ 1ಕ್ಕೆ ಹುಟ್ಟಿದ ಲಕ್ಷ್ಮಮ್ಮಂದಿರು ಸಾಲು ಸಾಲಾಗಿ ಬಂದರು. ಯಾರು ಯಾರೋ ಗೊತ್ತಾಗಲಿಲ್ಲ. ಹೊಸ ರೋಗಿ ಅನ್ನುವ ಹಾಗೆ ಹೊಸ ಚೀಟಿ ನಂಬರು ಮಾಡಿ ಕೊಟ್ಟೆವು. ಒಳಗೆ ಡಾಕ್ಟರಿಗೆ ಹಳೇ ರಿಪೋರ್ಟು ಕಾಣಲಿಲ್ಲ, ರಕ್ತ ಪರೀಕ್ಷೆ ಎಲ್ಲಾ ಮತ್ತೆ ಮಾಡಿಸಿದರು. ಆ ದುಡ್ಡು ಯಾರದ್ದು? ಅಜ್ಜಿಯದ್ದೇ ಅಲ್ವಾ?

ಈ ಸಾಫ್ಟ್‌ವೇರ್ ಮಾಡುವಾಗ ಯಾರನ್ನು ಕೇಳಿದರು ಅಂತ ವಿಚಾರಿಸಿದೆ. ಮೀಟಿಂಗುಗಳು ಆಗಿದ್ದವು, ಒಂದಲ್ಲ ಹಲವು. ವಿಭಾಗದ ಮುಖ್ಯಸ್ಥರು ಇದ್ದರು, ಅಕೌಂಟ್ಸಿನವರು ಇದ್ದರು, ಕಂಪ್ಯೂಟರ್ ವಿಭಾಗದವರು ಇದ್ದರು. ಅವರು ತಮಗೆ ಬೇಕಾದ್ದನ್ನು ಪ್ರಾಮಾಣಿಕವಾಗಿ ಹೇಳಿದರು, ಅದು ಸಿಕ್ಕಿದೆ ಕೂಡ. ತಿಂಗಳ ಲೆಕ್ಕ ಈಗ ಒಂದು ಬಟನ್ನಿಗೆ ಬರುತ್ತದೆ, ಮೊದಲು ಎರಡು ದಿನ ಬೇಕಿತ್ತು. ಆದರೆ ದಿನಕ್ಕೆ ಎಂಟು ಗಂಟೆ ಆ ಸ್ಕ್ರೀನಿನ ಮುಂದೆ ಕೂರುವವರು ಒಬ್ಬರೂ ಆ ಮೀಟಿಂಗಿನಲ್ಲಿ ಇರಲಿಲ್ಲ. ನಮ್ಮನ್ನು ಕರೆದದ್ದು ಎಲ್ಲ ಮುಗಿದ ಮೇಲೆ, ಟ್ರೈನಿಂಗಿಗೆ. ಲಾಸ್ಟ್ ನೇಮ್ ವಿಷಯ ಅಲ್ಲೇ ಎತ್ತಿದೆ. "ಈಗ ಆಗಲ್ಲ ಮೇಡಂ, ಎಲ್ಲಾ ಫ್ರೀಜ್ ಆಗಿದೆ, ಚೇಂಜ್ ರಿಕ್ವೆಸ್ಟ್ ಹಾಕ್ಬೇಕು, ಅದಕ್ಕೆ ಬೇರೆ ಚಾರ್ಜ್ ಆಗುತ್ತೆ" ಅಂದರು. ಸಂಜೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಬಳಸುವವರು ಪರೀಕ್ಷೆ ಮಾಡಿ ಒಪ್ಪಿದ್ದಾರೆ ಅಂತ ಅದರಲ್ಲಿತ್ತು.

ಇನ್ನೊಂದು ಮಾತು. ಮೊದಲೇ ಮೀಟಿಂಗಿಗೆ ಕರೆದಿದ್ದರೂ ನಾನು ಎಲ್ಲವನ್ನೂ ಹೇಳುತ್ತಿರಲಿಲ್ಲ. ಬಚ್ಚಿಡುವುದಕ್ಕಲ್ಲ, ನನಗೇ ಹೊಳೆಯುತ್ತಿರಲಿಲ್ಲ. ಸಾಲಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಬೆವರುತ್ತಾ ನಿಂತಿದ್ದರೆ ನಾನು ಅವರ ಮುಖ ನೋಡಿದ ಕೂಡಲೇ ಬರೀ ಹೆಸರು ಹಾಕಿ ಚೀಟಿ ಕೊಟ್ಟು ಎಮರ್ಜೆನ್ಸಿಗೆ ಕಳಿಸಿ, ಉಳಿದ ವಿವರವನ್ನು ಆಮೇಲೆ ಮನೆಯವರ ಹತ್ತಿರ ಕೇಳಿ ತುಂಬುತ್ತಿದ್ದೆ. ಇಷ್ಟು ವರ್ಷ ಮಾಡಿದ್ದೇನೆ, ಆದರೆ ಇದೂ ಒಂದು ಕೆಲಸ ಅಂತ ನನ್ನ ತಲೆಯಲ್ಲೇ ಇರಲಿಲ್ಲ. ಹೊಸ ಸಾಫ್ಟ್‌ವೇರ್ ಅರ್ಧ ತುಂಬಿದ ಚೀಟಿ ಕೊಡುತ್ತಿರಲಿಲ್ಲ. ಅದಕ್ಕೆ ನಾವು ಕೌಂಟರಿನಲ್ಲಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟುಕೊಂಡೆವು. ಅಂಥವರ ಹೆಸರು ಅದರಲ್ಲಿ ಬರೆದು ಕೈಚೀಟಿ ಕೊಟ್ಟು ಕಳಿಸುತ್ತಿದ್ದೆವು.

ನಾಲ್ಕು ತಿಂಗಳಾದ ಮೇಲೆ ಆ ಕಂಪನಿಯಿಂದ ಒಬ್ಬಳು ಹುಡುಗಿ ಬಂದಳು. ಬೇರೆ ಯಾವುದೋ ರಿಪೇರಿಗೆ ಬಂದವಳು, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಎರಡು ದಿನ ಸುಮ್ನೆ ನೋಡುತ್ತಾ ಕೂತಳು. "ಮೇಡಂ, ಈಗ ಆ ನೋಟ್‌ಬುಕ್ಕಲ್ಲಿ ಏನ್ ಬರೆದ್ರಿ?" ಅಂತ ಕೇಳಿದಳು. ಹೇಳಿದೆ. ಪೂರ್ತಿ ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡಳು. ಒಂದೇ ವಾರದಲ್ಲಿ ಅರ್ಧ ತುಂಬಿದ ಚೀಟಿ ಕೊಡುವ ಬಟನ್ ಬಂತು, ವಯಸ್ಸಿನ ಖಾನೆ ವಾಪಸ್ ಬಂತು, ರಾಜ್ಯಗಳ ಪಟ್ಟಿಯಲ್ಲಿ ಪ್ರತಿ ಸಲ ಅಂಡಮಾನ್‌ನಿಂದ ಇಳಿದು ಇಳಿದು ಕರ್ನಾಟಕ ಹುಡುಕುವುದು ತಪ್ಪಿತು. ಲಾಸ್ಟ್ ನೇಮ್ ಮಾತ್ರ ತೆಗೆಯೋಕೆ ಆಗಲಿಲ್ಲ, ಅದು ಬುನಾದಿಯಲ್ಲೇ ಸೇರಿಹೋಗಿದೆಯಂತೆ. ಆ ಹುಡುಗಿ ಒಂದು ವರ್ಷ ಮೊದಲು ಬಂದಿದ್ದರೆ ಅದೂ ಆಗುತ್ತಿತ್ತು. ಬೇಕಾಗಿದ್ದದ್ದು ಎರಡು ದಿನ, ಒಂದು ಕುರ್ಚಿ.

ನನ್ನ ತಮ್ಮನ ಮಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ. "ಅತ್ತೆ, ಇದು ಹಳೇ ಕಾಯಿಲೆ" ಅಂದು ಲಂಡನ್ನಿನ ಕಥೆ ಹೇಳಿದ. 1992ರ ಅಕ್ಟೋಬರ್ 26ರಂದು ಅಲ್ಲಿನ ಆಂಬುಲೆನ್ಸ್ ಸೇವೆ ಹೊಸ ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿತು. ಯಾವ ಗಾಡಿ ಎಲ್ಲಿದೆ ಅನ್ನುವುದೇ ಅದಕ್ಕೆ ಸರಿಯಾಗಿ ಗೊತ್ತಾಗದೆ ಒಂದೇ ಕರೆಗೆ ಎರಡು ಗಾಡಿ ಹೋದವು, ಇನ್ನು ಕೆಲವರು ಗಂಟೆಗಟ್ಟಲೆ ಕಾದರು. ನವೆಂಬರ್ 4ಕ್ಕೆ ಅದು ಪೂರ್ತಿ ನಿಂತು ಮತ್ತೆ ಕಾಗದಕ್ಕೆ ಬಂದರು. ಅದನ್ನು ಬಳಸಬೇಕಾದ ಸಿಬ್ಬಂದಿಗೆ ಆ ವ್ಯವಸ್ಥೆ ಮೇಲೆ ನಂಬಿಕೆಯೇ ಇರಲಿಲ್ಲ ಅಂತ 1993ರ ವಿಚಾರಣಾ ವರದಿ ಹೇಳಿತು.

ಸರಿಯಾಗಿ ಮಾಡಿದ್ದನ್ನೂ ಹೇಳಿದ. ಇದು ನಿಮ್ಮ ಕಸುಬಿನದೇ, ಸಂಪಾದಕರೇ. 1981ರಿಂದ 1985ರವರೆಗೆ ಸ್ವೀಡನ್ ಮತ್ತು ಡೆನ್ಮಾರ್ಕಿನಲ್ಲಿ ಪತ್ರಿಕೆಯ ಪುಟ ಕಟ್ಟುವ ಕೆಲಸಗಾರರು, ಅವರ ಯೂನಿಯನ್, ಕಂಪ್ಯೂಟರ್ ತಿಳಿದವರು ಸೇರಿ ಯುಟೋಪಿಯಾ ಅನ್ನುವ ಯೋಜನೆ ನಡೆಸಿದರು. ಪ್ರೋಗ್ರಾಂ ಬರೆಯುವ ಮೊದಲು ರಟ್ಟಿನ ಡಬ್ಬವನ್ನೇ ಪ್ರಿಂಟರ್ ಅಂತ ಇಟ್ಟು, ಗೋಡೆಗೆ ಚಿತ್ರ ಬಿಟ್ಟು ಅದೇ ಸ್ಕ್ರೀನ್ ಅಂದುಕೊಂಡು, ಕೆಲಸಗಾರರ ಕೈಯಲ್ಲಿ ಪುಟ ಕಟ್ಟಿಸಿ ನೋಡಿದರು. ರಟ್ಟಿನ ಡಬ್ಬ ಸರಿ ಇಲ್ಲ ಅಂದರೆ ಕತ್ತರಿಸಿ ಇನ್ನೊಂದು ಮಾಡಬಹುದು, ಅಲ್ವಾ?

ಅಷ್ಟು ದೂರ ಯಾಕೆ, ನಮ್ಮ 'ಭೂಮಿ' ಯೋಜನೆ ನೋಡಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುವ ಹಾಗಾಯಿತು. ಅಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೌಂಟರಿನ ಎರಡನೇ ಸ್ಕ್ರೀನು. ಅದು ರೈತನ ಕಡೆಗೆ ತಿರುಗಿತ್ತು. ಒಳಗಿನವರು ಏನು ಟೈಪ್ ಮಾಡುತ್ತಿದ್ದಾರೆ ಅಂತ ಅವನೂ ನೋಡಬಹುದಿತ್ತು. ಕಿಟಕಿಯ ಆಚೆ ಒಂದಿಷ್ಟು ಹೊತ್ತು ನಿಂತು ನೋಡಿದವರಿಗೆ ಮಾತ್ರ ಹೊಳೆಯುವ ವಿಷಯ ಇದು ಅಂತ ನನ್ನ ನಂಬಿಕೆ. ನಮ್ಮ ಕೌಂಟರಿನಲ್ಲೂ ಹಾಗೆ ಇದ್ದಿದ್ದರೆ ಹೆಸರು ತಪ್ಪಾದಾಗ ಜೊತೆಗೆ ಬಂದ ಮಗಳೋ ಮೊಮ್ಮಗನೋ ಅಲ್ಲೇ ಹೇಳುತ್ತಿದ್ದರು.

ಈ ಊರಿನಲ್ಲಿ ಸಾಫ್ಟ್‌ವೇರ್ ಮಾಡುವವರು ಲಕ್ಷಗಟ್ಟಲೆ ಇದ್ದಾರೆ. ನಮ್ಮ ಕೌಂಟರಿಗೂ ವೈಟ್‌ಫೀಲ್ಡಿಗೂ ನಡುವೆ ಇರುವುದು ಒಂದು ಮೆಟ್ರೋ ಪ್ರಯಾಣ. ನಾನು ಕೇಳುವುದು ಇಷ್ಟು. ಟೆಂಡರ್ ಬರೆಯುವವರು ಅದರಲ್ಲೇ ಒಂದು ಸಾಲು ಸೇರಿಸಿ, ಕೋಡ್ ಬರೆಯುವ ಮೊದಲು ಬಳಸುವವರ ಪಕ್ಕ ಇಷ್ಟು ದಿನ ಕೂರಬೇಕು ಅಂತ, ಆ ದಿನಗಳಿಗೂ ದುಡ್ಡು ಕೊಡಿ. ಸ್ಕ್ರೀನನ್ನು ಕಾಗದದ ಮೇಲೆ ಬರೆದು ತಂದು ತೋರಿಸಿದರೂ ಸಾಕು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ನಾವು ಬೆರಳಿಟ್ಟು ತೋರಿಸುತ್ತೇವೆ. ದೊಡ್ಡ ಸಮಿತಿ ಬೇಡ. ಒಂದು ಸಲಕ್ಕೆ ಐದು ಜನರನ್ನು ಕೂರಿಸಿ ನೋಡಿದರೆ ಹೆಚ್ಚಿನ ತೊಂದರೆಗಳು ಕಾಣುತ್ತವೆ ಅಂತ ಯಾಕೋಬ್ ನೀಲ್ಸನ್ ಅನ್ನುವ ತಜ್ಞರು 2000ರಲ್ಲೇ ಬರೆದಿದ್ದಾರೆ. ಆ ಐದರಲ್ಲಿ ಒಬ್ಬರು ಮಧ್ಯಾಹ್ನದ ಶಿಫ್ಟಿನವರು ಇರಲಿ, ಒಬ್ಬರು ಸಾಲಲ್ಲಿ ನಿಲ್ಲುವವರೂ ಇರಲಿ.

ಮುಂದಿನ ತಿಂಗಳು ನಮ್ಮಲ್ಲಿ ಲ್ಯಾಬ್ ರಿಪೋರ್ಟಿಗೆ ಇನ್ನೊಂದು ಸಾಫ್ಟ್‌ವೇರ್ ಮಾಡಿಸುವ ಮಾತು ನಡೆದಿದೆ. ಈ ಸಲ ನಾವು ಕೌಂಟರಿನವರು, ಲ್ಯಾಬಿನವರು ಸೇರಿ ಮೇಲಿನವರಿಗೆ ಮೊದಲೇ ಅರ್ಜಿ ಕೊಟ್ಟಿದ್ದೇವೆ. ಜೊತೆಗೆ ಆ ನೋಟ್‌ಬುಕ್ಕಿನ ಜೆರಾಕ್ಸ್ ಇಟ್ಟಿದ್ದೇವೆ. ಸಾಫ್ಟ್‌ವೇರ್ ಮಾಡುವವರು ಯಾರೇ ಆಗಲಿ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರಲಿ ಅಂತ ಬರೆದಿದ್ದೇವೆ. ಅಷ್ಟು ಹೊತ್ತಿಗೆ ಸಾಲು ಗೇಟಿನ ತನಕ ಇರುತ್ತದೆ.

ಇಂತಿ,
ಒಬ್ಬ ಕೌಂಟರ್ ನೌಕರಳು, ಬೆಂಗಳೂರು