ಮಿಷನರಿ ನಿಧಿಗೆ ತಿಂಗಳ ಕಾಣಿಕೆ ಕೋರಿ ಧಾರವಾಡದ ನಮ್ಮ ಸಭೆಯ ಮನವಿ

ಸಭೆಯ ಎಲ್ಲ ಕುಟುಂಬಗಳಿಗೂ ನಮ್ಮ ಸೇವೆಯನ್ನು ಬಲ್ಲ ಹಿತೈಷಿಗಳಿಗೂ ಕರ್ತನ ನಾಮದಲ್ಲಿ ವಂದನೆಗಳು.

ತಮಗೆ ತಿಳಿದಿರುವಂತೆ, ನಮ್ಮ ಸಭೆಯಿಂದ ಹೊರಟ ಮೂವರು ಈಗ ಸೇವಾಕ್ಷೇತ್ರದಲ್ಲಿದ್ದಾರೆ. ದಂಪತಿಯಿಬ್ಬರು ಒಡಿಶಾದ ರಾಯಗಡ ಜಿಲ್ಲೆಯ ಗುಡ್ಡಗಾಡಿನಲ್ಲಿ, ಕುವಿ ಭಾಷೆಯಾಡುವ ಜನರ ನಡುವೆ ಅಕ್ಷರಾಭ್ಯಾಸದ ಮತ್ತು ಸುವಾರ್ತೆಯ ಕೆಲಸ ಮಾಡುತ್ತಿದ್ದಾರೆ. ನಮ್ಮ ಭಾನುವಾರ ಶಾಲೆಯಲ್ಲೇ ಕಲಿತು ಬೆಳೆದ ಸಹೋದರಿಯೊಬ್ಬರು ಪೂರ್ವ ಆಫ್ರಿಕಾದ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾರೆ. ಅವರನ್ನು ಬೀಳ್ಕೊಟ್ಟ ಭಾನುವಾರಗಳಂದು ಸಭೆಯೆಲ್ಲ ಎದ್ದು ನಿಂತು ಪ್ರಾರ್ಥಿಸಿತು, ಕಾಣಿಕೆಯೂ ಧಾರಾಳವಾಗಿ ಬಂತು. ಆದರೆ ಬೀಳ್ಕೊಡುಗೆಯ ಉತ್ಸಾಹ ಇಳಿದ ಮೇಲೆ ಬರುವ ತಿಂಗಳುಗಳಲ್ಲಿಯೂ ಅವರು ಅಲ್ಲಿ ಊಟ ಮಾಡಬೇಕು, ಬಾಡಿಗೆ ಕಟ್ಟಬೇಕು, ಜ್ವರ ಬಂದರೆ ಔಷಧ ಕೊಳ್ಳಬೇಕು. ಆದ್ದರಿಂದ ಈ ಬಾರಿ ಸಮಿತಿಯು ತಮ್ಮಲ್ಲಿ ಕೇಳಿಕೊಳ್ಳುತ್ತಿರುವುದು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತವನ್ನೇ ಹೊರತು ಒಮ್ಮೆ ಕೊಟ್ಟು ಮರೆಯುವ ದೊಡ್ಡ ಮೊತ್ತವನ್ನಲ್ಲ.

ಈ ಊರಿನ ಕ್ರೈಸ್ತರಾದ ನಮಗೆ ಇದು ಹೊಸ ಮಾತಾಗಬಾರದು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರಂಭವಾದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಮುಂದೆ ಗದಗಿನ ಬೆಟಗೇರಿಯಲ್ಲಿಯೂ ನೆಲೆಯೂರಿದ್ದನ್ನು ನಾವು ಪ್ರತಿ ವಾರ್ಷಿಕೋತ್ಸವದಲ್ಲಿ ನೆನೆಯುತ್ತೇವೆ. ಬಾಸೆಲ್ ಮಿಷನ್ ಹೈಸ್ಕೂಲು, ಗದಗಿನವರು ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಬೆಟಗೇರಿಯ ಆಸ್ಪತ್ರೆ, 1853ರಲ್ಲಿ ಈ ನಾಡಿಗೆ ಬಂದ ಕಿಟೆಲ್ ಅವರು 1894ರಲ್ಲಿ ಮುದ್ರಣಕ್ಕೆ ತಂದ ನಿಘಂಟು, ಇವುಗಳ ಬಗ್ಗೆ ಭಾಷಣ ಮಾಡುವುದು ನಮಗೆ ಸುಲಭ. ಇವೆಲ್ಲದರ ಹಿಂದೆ ಯಾರ ಹಣವಿತ್ತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಬಾಸೆಲ್ ಮಿಷನ್ನಿನ ಬೆಂಬಲಿಗರಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅರ್ಧ ಬಾಟ್ಸೆನ್ ಕಾಣಿಕೆ ಎಂಬ ಪದ್ಧತಿ ಆರಂಭವಾಯಿತು. ಬಾಟ್ಸೆನ್ ಅಂದರೆ ಅಲ್ಲಿನ ಚಿಲ್ಲರೆ ನಾಣ್ಯ. ಅದರ ಅರ್ಧದಷ್ಟನ್ನು, ಅಂದರೆ ಬಡವರಿಗೂ ಎಟುಕುವ ಮೊತ್ತವನ್ನು, ಜನ ವಾರವಾರವೂ ಎತ್ತಿಡುತ್ತಿದ್ದರು, ಸಂಗ್ರಾಹಕರು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಿದ್ದರು. ಧಾರವಾಡವನ್ನು ಕಣ್ಣಿಂದ ಕಾಣದ, ಕಾಣುವ ಆಸೆಯನ್ನೂ ಇಟ್ಟುಕೊಳ್ಳದ ಜನರ ಆ ಚಿಲ್ಲರೆ ಕಾಸು ಇಲ್ಲಿನ ಶಾಲೆಯ ಗೋಡೆಗಳಲ್ಲಿದೆ.

ಮಹಾಯುದ್ಧ ಆರಂಭವಾದ 1914ರ ನಂತರ ಬ್ರಿಟಿಷ್ ಸರಕಾರವು ಬಾಸೆಲ್ ಮಿಷನ್ನಿನಲ್ಲಿದ್ದ ಜರ್ಮನ್ ಮಿಷನರಿಗಳನ್ನು ಶಿಬಿರಗಳಲ್ಲಿಟ್ಟು ಕೊನೆಗೆ ದೇಶದಿಂದ ಹೊರಗೆ ಕಳುಹಿಸಿದಾಗ, ಪರದೇಶದ ಹಣವನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಅನುಭವಿಸಿದರು. ಅದಕ್ಕೂ ಮೊದಲೇ ಈ ವಿಚಾರದಲ್ಲಿ ಎಚ್ಚೆತ್ತವರು ನಮ್ಮ ದೇಶದಲ್ಲಿದ್ದರು. ಮುಂದೆ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ ವಿ. ಎಸ್. ಅಜರಯ್ಯ ಮತ್ತು ಅವರ ಜೊತೆಗಾರರು 1903ರಲ್ಲಿ ತಿರುನೆಲ್ವೇಲಿಯಲ್ಲಿ ಇಂಡಿಯನ್ ಮಿಷನರಿ ಸೊಸೈಟಿಯನ್ನೂ 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿಯನ್ನೂ ಕಟ್ಟಿದ್ದು, ಭಾರತೀಯರೇ ಹೋಗಬೇಕು, ಭಾರತೀಯರ ಹಣವೇ ನಡೆಸಬೇಕು ಎಂಬ ಹಟದಿಂದ. ಮಿಜೋರಾಮಿನ ಹೆಣ್ಣುಮಕ್ಕಳು 1910ರಲ್ಲಿ ಆರಂಭಿಸಿದ ಹಿಡಿ ಅಕ್ಕಿಯ ಕಾಣಿಕೆ ಇಂದಿಗೂ ನಡೆದಿದೆ: ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲವೂ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿ, ಕೂಡಿದ್ದನ್ನು ಸಭೆಗೆ ಒಪ್ಪಿಸುವುದು. ಅಷ್ಟು ಸಣ್ಣ ರಾಜ್ಯದ ಸಭೆಗಳು ದೇಶದ ನಾನಾ ಭಾಗಗಳಿಗೆ ಮಿಷನರಿಗಳನ್ನು ಕಳುಹಿಸಿ ಸಾಕುತ್ತಿರುವುದರಲ್ಲಿ ಆ ಡಬ್ಬಿಯ ಪಾಲು ದೊಡ್ಡದು. ನಮ್ಮ ಸ್ತ್ರೀ ಸಮಾಜದ ತಾಯಂದಿರು ಇದನ್ನು ಕೇಳಿ, ಹಿಡಿ ಜೋಳವನ್ನು ನಾವೂ ಎತ್ತಿಡಬಹುದಲ್ಲ ಎಂದಿದ್ದಾರೆ. ಸಮಿತಿಗೆ ಇದಕ್ಕಿಂತ ಸಂತೋಷದ ಮಾತು ಬೇರೆಯಿಲ್ಲ.

ಈಗ ಖರ್ಚಿನ ವಿಷಯ. ಒಡಿಶಾದಲ್ಲಿರುವ ದಂಪತಿ ತಗಡಿನ ಮಾಡಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಮುಂದಿನ ಕೋಣೆಯಲ್ಲಿ ಸಂಜೆ ಅಕ್ಷರ ಕಲಿಯಲು ಬರುವವರು ಕೂಡುತ್ತಾರೆ, ಹಿಂದಿನ ಕೋಣೆಯಲ್ಲಿ ಇವರ ಅಡುಗೆಯೂ ನಿದ್ರೆಯೂ. ಅಲ್ಲಿ ಕುವಿ ಭಾಷೆಯನ್ನು ಒಡಿಯಾ ಲಿಪಿಯಲ್ಲಿ ಬರೆಯುವುದರಿಂದ, ನಮ್ಮ ಧಾರವಾಡದ ಮೇಷ್ಟ್ರು ಮೊದಲು ಒಡಿಯಾ ಅಕ್ಷರ ತಿದ್ದಬೇಕಾಯಿತು. ಪಾಠದ ಹಾಳೆಗಳ ಜೆರಾಕ್ಸ್, ಬೈಕಿನ ಪೆಟ್ರೋಲು, ಸೊಳ್ಳೆಪರದೆ, ಇವು ಪ್ರತಿ ಪತ್ರದಲ್ಲಿಯೂ ಬರುವ ಬಾಬ್ತುಗಳು. ಅದು ಮಲೇರಿಯಾ ಹೆಚ್ಚಾಗಿರುವ ಸೀಮೆ. ಸೊಳ್ಳೆಪರದೆಯನ್ನು ಯಾರೂ ಐಷಾರಾಮ ಎಂದು ಎಣಿಸಬಾರದು. ಇವರ ಮಗಳು ಇಲ್ಲಿಯೇ ಹಾಸ್ಟೆಲಿನಲ್ಲಿದ್ದು ಶಾಲೆಗೆ ಹೋಗುತ್ತಾಳೆ. ಹಿಂದೆ ಬಾಸೆಲಿನಲ್ಲಿಯೂ ಮಿಷನರಿಗಳ ಮಕ್ಕಳಿಗೆಂದೇ ಒಂದು ಮನೆಯಿತ್ತು. ಎಳೆಯ ವಯಸ್ಸಿನಲ್ಲೇ ಅಲ್ಲಿಗೆ ಹಡಗು ಹತ್ತಿಸಿದ ಮಕ್ಕಳನ್ನು ತಾಯಂದಿರು ಎಷ್ಟೋ ವರ್ಷ ನೋಡುತ್ತಿರಲಿಲ್ಲ. ನಮ್ಮ ಹುಡುಗಿಗೆ ಅಂಥ ಅಗಲಿಕೆ ಬಾರದಿರಲಿ ಎಂದು ಬೇಸಿಗೆ ಮತ್ತು ದಸರೆಯ ರಜೆಗಳಲ್ಲಿ ಆಕೆಯನ್ನು ತಂದೆತಾಯಿಯ ಬಳಿಗೆ ಕಳುಹಿಸಿಕೊಡುತ್ತೇವೆ. ಹಾಸ್ಟೆಲಿನ ಫೀ ಮತ್ತು ಈ ರೈಲು ಟಿಕೆಟ್ ಎರಡೂ ನಿಧಿಯಿಂದಲೇ ಆಗಬೇಕು.

ಆಫ್ರಿಕಾದಲ್ಲಿರುವ ಸಹೋದರಿಗೆ ಆಸ್ಪತ್ರೆಯು ವಸತಿ, ಊಟ ಮತ್ತು ಕೈಖರ್ಚಿಗೆ ಅಲ್ಪ ಮೊತ್ತ ಕೊಡುತ್ತದೆ. ಉಳಿತಾಯ ಎಂಬುದು ಅದರಲ್ಲಿ ಸಾಧ್ಯವಿಲ್ಲ. ಇಲ್ಲಿ ಅವರ ತಾಯಿ ಒಬ್ಬರೇ ಇದ್ದಾರೆ, ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪುವಂತಿಲ್ಲ. ಮನೆಬಾಡಿಗೆ ಮತ್ತು ಗುಳಿಗೆಯ ಹೊರೆಯನ್ನು ಸಭೆ ಹೊತ್ತರೆ ಮಗಳು ಅಲ್ಲಿ ನೆಮ್ಮದಿಯಿಂದ ರಾತ್ರಿ ಪಾಳಿ ಮಾಡುತ್ತಾರೆ.

ಪರದೇಶದ ಸೇವೆಗೆ ಕೊಟ್ಟ ಹಣವನ್ನೂ ಹೀಗೆ ಈ ಊರಿನಲ್ಲೇ ಖರ್ಚು ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಆದಾಯ ತೆರಿಗೆ ಕಾನೂನಿನಲ್ಲಿ ಧಾರ್ಮಿಕ ಟ್ರಸ್ಟುಗಳಿಗೆ ಸಿಗುವ ವಿನಾಯಿತಿಯು ಸಾಮಾನ್ಯವಾಗಿ ಭಾರತದೊಳಗೆ ಮಾಡಿದ ಖರ್ಚಿಗೆ ಮಾತ್ರ ಸಲ್ಲುತ್ತದೆ. ತಾಯಿಯ ಮನೆಬಾಡಿಗೆ ಮತ್ತು ಔಷಧ, ಇಲ್ಲಿ ಕೊಳ್ಳುವ ವಿಮಾನ ಟಿಕೆಟ್, ಹೊರಡುವ ಮುನ್ನ ಹಾಕಿಸಲೇಬೇಕಾದ ಹಳದಿ ಜ್ವರದ ಲಸಿಕೆ, ಆರೋಗ್ಯ ವಿಮೆ, ಇವಿಷ್ಟನ್ನೇ ನಾವು ಭರಿಸುತ್ತೇವೆ.

ಇದೇ ಸಂದರ್ಭದಲ್ಲಿ ಇನ್ನೆರಡು ಮಾತು ಸ್ಪಷ್ಟವಾಗಿ ಹೇಳಬೇಕು. ಈ ನಿಧಿಯಿಂದ ಯಾರಿಗೂ ಆಮಿಷವಾಗಿ ಒಂದು ರೂಪಾಯಿಯೂ ಹೋಗುವುದಿಲ್ಲ. ಆಮಿಷದಿಂದ ಬಂದ ನಂಬಿಕೆ ನಂಬಿಕೆಯಲ್ಲವೆಂದು ನಾವು ಬಲ್ಲೆವು, ಕಾನೂನೂ ಅದನ್ನು ಒಪ್ಪುವುದಿಲ್ಲ. ಎರಡನೆಯದು, ವಿದೇಶದಲ್ಲಿರುವ ನಮ್ಮ ಬಂಧುಗಳ ಕುರಿತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣಕ್ಕೆ ಅಡ್ಡಿಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರಕಾರ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿಯೇ, ಕಳುಹಿಸಿದರೆ ಅದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ನಮ್ಮ ಸಭೆಗೆ ಆ ನೋಂದಣಿ ಇಲ್ಲ. ಅವರು ದಯವಿಟ್ಟು ಹಣ ಕಳುಹಿಸಬಾರದು; ಪತ್ರ ಬರೆದು ಆ ಸಹೋದರಿಯ ತಾಯಿಯ ಯೋಗಕ್ಷೇಮ ವಿಚಾರಿಸಿದರೂ ಉಪಕಾರವೇ.

ತಿಂಗಳಿಗೆ ನೂರು ರೂಪಾಯಿಯಿಂದ ಮೊದಲುಗೊಂಡು ತಮಗೆ ಅನುಕೂಲವಾದಷ್ಟನ್ನು ಒಪ್ಪಿಗೆ ಪತ್ರದಲ್ಲಿ ಬರೆದು ಕೊಡಬೇಕು. ಮೊದಲ ಭಾನುವಾರದ ಆರಾಧನೆಯ ನಂತರ ಖಜಾಂಚಿಯವರ ಮೇಜಿನಲ್ಲಿ ನಗದಾಗಿಯೋ ಫೋನ್‌ಪೇ ಮೂಲಕವೋ ಕೊಟ್ಟು ರಸೀದಿ ಪಡೆಯಬಹುದು. ಇದು ಧಾರ್ಮಿಕ ಉದ್ದೇಶದ ನಿಧಿಯಾದ್ದರಿಂದ, ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಎಂದು ಹೆಸರಾದ ರಿಯಾಯಿತಿ ದೊರೆಯುವುದಿಲ್ಲ. ಬೆಳೆದವರು ಜೋಳ, ಕಡಲೆ, ಒಣಮೆಣಸಿನಕಾಯಿಯನ್ನು ಸುಗ್ಗಿ ಹಬ್ಬಕ್ಕೆ ತಂದರೆ ಅವುಗಳ ಹರಾಜಿನಲ್ಲಿ ಬಂದ ಹಣವೂ ಇದೇ ಖಾತೆಗೆ ಸೇರುತ್ತದೆ. ಒಂದು ತಿಂಗಳು ಕೊಡಲಾಗದಿದ್ದರೆ ಸಂಕೋಚ ಬೇಡ, ಮುಂಚಿತವಾಗಿ ತಿಳಿಸಿದರೆ ಸಾಕು. ಅಷ್ಟರಮಟ್ಟಿಗೆ ಬೇರೆ ಏರ್ಪಾಟು ಮಾಡಿಕೊಳ್ಳುತ್ತೇವೆ. ಜಮಾಖರ್ಚಿನ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ದೇವಾಲಯದ ಸೂಚನಾ ಫಲಕದಲ್ಲಿ ಅಂಟಿಸಲಾಗುವುದು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು.

ಒಪ್ಪಿಗೆ ಪತ್ರಗಳು ಸಭಾ ಕಚೇರಿಯಲ್ಲಿ ದೊರೆಯುತ್ತವೆ. ನಡೆಯಲಾಗದ ಹಿರಿಯರ ಮನೆಗೆ ಯುವಜನ ಸಂಘದವರೇ ಬಂದು ಪತ್ರ ಕೊಟ್ಟು ಬರೆಸಿಕೊಳ್ಳುವರು.

ಇಂತಿ,
ಸಭಾಪಾಲಕರು ಮತ್ತು ಮಿಷನರಿ ನಿಧಿ ಸಮಿತಿಯ ಸದಸ್ಯರು,
ಧಾರವಾಡ