ಅಪ್ಪನ ಗೊರಕೆ

ಶಿಕಾಗೋ, ಗುರುವಾರ ಮಧ್ಯಾಹ್ನ

ಅವ್ವಾ, ನಮಸ್ಕಾರ. ನಾನು ಆರಾಮ ಇದ್ದೇನೆ. ಕಡಕ್ ರೊಟ್ಟಿ ದಾರಿಯಲ್ಲೇ ಪುಡಿಯಾಗಿತ್ತು, ಮೊಸರು ಹಾಕಿಕೊಂಡು ತಿಂದೆ. ಗುರೆಳ್ಳು ಚಟ್ನಿ ಆಗಲೇ ಖಾಲಿ.

ನಿನ್ನ ಪತ್ರ ಮೂರು ಸಲ ಓದಿದೆ. ಅಪ್ಪ ಗಾಂಧಿ ಚೌಕದವರೆಗೆ ಹೋಗಿ, ಯಾಕೆ ಬಂದೆ ಅನ್ನೋದೇ ಮರೆತು ಖಾಲಿ ಚೀಲ ಹಿಡಿದು ವಾಪಸ್ ಬಂದರು ಅಂತ ಬರೆದಿದ್ದೀಯ. ಪೇಪರ್ ಹಿಡಿದಲ್ಲೇ ತೂಕಡಿಸುತ್ತಾರೆ ಅಂತಲೂ. ಅದಕ್ಕೆ ಕಾಕಾ, "ಅಣ್ಣಗ ವೈರಾಗ್ಯ ಬಂದೈತಿ, ಡಾಕ್ಟರ್ ಯಾಕ" ಅಂದರಂತೆ. ವೈರಾಗ್ಯ ಬಂದವರು ಚಹಾಕ್ಕೆ ಸಕ್ಕರೆ ಸಾಲದು ಅಂತ ದಿನಾ ಜಗಳ ಆಡ್ತಾರಾ?

ನನ್ನ ಕೆಲಸ ಏನು ಅಂತ ನೀನು ಕೇಳ್ತಾನೇ ಇರ್ತೀಯ. ಜನ ಮಲಗೋದನ್ನ ನೋಡೋದು, ಅಷ್ಟೇ. ನಗಬೇಡ. ರಾತ್ರಿ ಒಂಬತ್ತಕ್ಕೆ ಬರ್ತಾರೆ, ನಾನು ಟೇಪಿನಿಂದ ತಲೆ ಅಳೆದು, ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಜಿಗುಟು ಪೇಸ್ಟ್ ಹಚ್ಚಿ ಒಂದೊಂದೇ ವಯರ್ ಅಂಟಿಸ್ತೇನೆ. ಬೆಳಿಗ್ಗೆ ಎದ್ದವರು ಕೂದಲು ಮುಟ್ಟಿಕೊಂಡು ನನಗೇ ಬೈತಾರೆ. ಮಲಗೋಕೂ ಆಸ್ಪತ್ರೆಗೆ ದುಡ್ಡು ಕಟ್ಟೋ ದೇಶ ಇದು! ಆದರೆ ಕನಸಿನ ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಓಡುತ್ತೆ ಅಂತ 1953ರಲ್ಲಿ ಅಸೆರಿನ್ಸ್ಕಿ, ಕ್ಲೈಟ್‌ಮನ್ ಅನ್ನೋ ಇಬ್ಬರು ಸಂಶೋಧಕರು ಬರೆದು ಪ್ರಕಟಿಸಿದ್ದು ಇದೇ ಊರಿನ ಯೂನಿವರ್ಸಿಟಿಯಿಂದ. ಅಸೆರಿನ್ಸ್ಕಿ ಮೊದಲು ವಯರ್ ಅಂಟಿಸಿದ್ದು ತನ್ನ ಎಂಟು ವರ್ಷದ ಮಗನಿಗೇ.

ಕಾಕಾ ಇದನ್ನ ಓದಿದರೆ, ಮಾಂಡೂಕ್ಯದಲ್ಲಿ ಎಲ್ಲಾ ಇದೆ ಅಂತಾರೆ. ಇದೆ, ನಾನು ಇಲ್ಲ ಅನ್ನಲ್ಲ. ಬರೀ 12 ಮಂತ್ರದ ಉಪನಿಷತ್ತು ಅದು. ಎಚ್ಚರ, ಕನಸು, ಸುಷುಪ್ತಿ (ಕನಸೂ ಇಲ್ಲದ ಗಾಢ ನಿದ್ದೆ) ಅಂತ ಮೂರು ಸ್ಥಿತಿ ಬೇರೆ ಮಾಡಿದೆ. ಆ ವಯರ್‌ಗಳು ಹಿಡಿದ ಮಿದುಳಿನ ಅಲೆ ಗೀಟಾಗಿ ಓಡುತ್ತಲ್ಲ, ನನ್ನ ಪರದೆಯ ಮೇಲೂ ಎಚ್ಚರದ ಗೀಟು ಬೇರೆ, ಕನಸಿನದು ಬೇರೆ, ಗಾಢ ನಿದ್ದೆಯ ದೊಡ್ಡ ನಿಧಾನ ಅಲೆ ಬೇರೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಕಾಶಿಯ ರಾಜ ಅಜಾತಶತ್ರು, ಪಂಡಿತ ಬಾಲಾಕಿಯನ್ನ ಮಲಗಿದವನ ಹತ್ತಿರ ಕರೆದುಕೊಂಡು ಹೋಗ್ತಾನಲ್ಲ, ಹೆಸರು ಹಿಡಿದು ಕೂಗಿದರೂ ಆ ಮನುಷ್ಯ ಏಳಲ್ಲ, ಕೈಯಿಂದ ಅಲುಗಾಡಿಸಿದಾಗ ಏಳ್ತಾನೆ. ನಮ್ಮಲ್ಲೂ ಆ ದೊಡ್ಡ ಅಲೆ ಓಡುವಾಗ ಎಬ್ಬಿಸೋದು ತುಂಬಾ ಕಷ್ಟ. ಆದರೆ ರಾಜ ಕೇಳಿದ್ದು, ಇವನು ಮಲಗಿದ್ದಾಗ ಎಲ್ಲಿದ್ದ ಅಂತ. ನಾನು ನೋಡೋದು, ಇವನು ಸರಿಯಾಗಿ ಉಸಿರಾಡ್ತಿದ್ದಾನಾ ಅಂತ. ಮಾಂಡೂಕ್ಯದ ನಾಲ್ಕನೆಯದು, ಆ ಮೂರನ್ನೂ ಮೀರಿದ ತುರೀಯ, ನನ್ನ ಮಷಿನ್ನಿನಲ್ಲಿ ಬರಲ್ಲ. ಅದು ಕಾಕಾನ ಖಾತೆ.

ಅವ್ವಾ, ಈಗ ಮುಖ್ಯ ವಿಷಯ. ಅಪ್ಪನ ಗೊರಕೆ. ಅಟ್ಟದ ಮೇಲೆ ಮಲಗಿದರೂ ಕೇಳುತ್ತಿತ್ತಲ್ಲ, ಮಧ್ಯದಲ್ಲಿ ಗಪ್ಪನೆ ನಿಂತು, ಆಮೇಲೆ ಏದುಸಿರು ಬಿಟ್ಟು ಮತ್ತೆ ಶುರು. ನಾವು ಅದನ್ನ ಗಾಢ ನಿದ್ದೆ ಅಂತ ತಿಳಿದಿದ್ದೆವು. ಅದು ಉಲ್ಟಾ ಇರಬಹುದು. ಗಂಟಲು ಮುಚ್ಚಿ ಉಸಿರು ನಿಲ್ಲುತ್ತೆ, ಮಿದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತೆ, ಮಲಗಿದವರಿಗೆ ಗೊತ್ತೇ ಆಗಲ್ಲ. ಹತ್ತು ಸೆಕೆಂಡು ಅಥವಾ ಜಾಸ್ತಿ ನಿಂತರೆ ನಾವು ಒಂದು ಅಂತ ಎಣಿಸ್ತೇವೆ. ಗಂಟೆಗೆ ಮೂವತ್ತು ದಾಟಿದವರೂ ಬರ್ತಾರೆ. ಅಂಥವರು ಹಗಲಲ್ಲಿ ತೂಕಡಿಸ್ತಾರೆ, ಮರೀತಾರೆ, ಸಿಡುಕ್ತಾರೆ. ಇಡೀ ಬೇಸಿಗೆ ಜ್ಞಾನಯೋಗಾಶ್ರಮದ ಪ್ರವಚನಕ್ಕೆ ಹೋಗಿ ಸುಷುಪ್ತಿ ಬಗ್ಗೆ ಕೇಳಿಕೊಂಡು ಬಂದವರಿಗೆ, ಪಾಪ, ಸುಷುಪ್ತಿಯೇ ಸಿಕ್ತಿಲ್ವೇನೋ.

ನೀನು ಮಾಡಬೇಕಾದದ್ದು ಇಷ್ಟು. ರಾತ್ರಿ ಅಪ್ಪ ಮಲಗಿದ ಮೇಲೆ ಫೋನಿನಲ್ಲಿ ಹತ್ತು ನಿಮಿಷ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸು. ರಕ್ತದಲ್ಲಿ ಬಿ12, ಥೈರಾಯಿಡ್ ಎರಡೂ ನೋಡಿಸು. ಅಪ್ಪ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ತಗೊಳ್ತಿದ್ದಾರೆ ಹೇಳು, ಅದರಿಂದ ಬಿ12 ಇಳಿಯಬಹುದು, ಮನೆಯಲ್ಲಿ ಮಾಂಸ ಮೊಟ್ಟೆ ಬೇರೆ ಇಲ್ಲ. ಬಿ12 ಕಡಿಮೆಯಾದರೂ ಮರೆವು ಬರುತ್ತೆ. ಗೊರಕೆ ವಿಷಯ ಹೇಳದೆ ನಿದ್ದೆ ಮಾತ್ರೆ ಮಾತ್ರ ತಗೋಬೇಡಿ. ಕಾಕಾ ಬ್ರಾಹ್ಮಿ ತಂದರೆ ತರಲಿ, ಬ್ಲಡ್ ಟೆಸ್ಟ್ ಬಿಡಬೇಡ.

ಹೆದರಬೇಡ. ಏನೂ ಆಗಿಲ್ಲ, ನನಗೆ ಗ್ಯಾರಂಟಿ. ಇದಕ್ಕೆ ಮಷಿನ್ ಇದೆ, ಮೂಗಿಗೆ ಮಾಸ್ಕ್, ಅದರಿಂದ ಉದ್ದ ಪೈಪು, ಹಾಕಿಕೊಂಡರೆ ಥೇಟ್ ಗಣಪ್ಪ. ನಮ್ಮಲ್ಲಿ ಒಬ್ಬ ಅಜ್ಜ ಮೊದಲ ರಾತ್ರಿ ಹಾಕಿಕೊಂಡು ಎದ್ದವನು, ಎಷ್ಟು ವರ್ಷಕ್ಕೆ ಮಲಗಿದೆ ಅಂತ ನನ್ನ ಕೈ ಹಿಡಿದುಕೊಂಡುಬಿಟ್ಟ. ದುಡ್ಡಿನ ಚಿಂತೆ ಬೇಡ, ಸೋಮವಾರ ಕಳಿಸ್ತೇನೆ. ಚೂರೂ ಚಿಂತೆ ಬೇಡ, ನಾನೂ ಮಾಡ್ತಿಲ್ಲ. ನಿನ್ನೆ ಎರಡು ಸಲ ಫೋನ್ ಮಾಡಿದ್ದು ಸುಮ್ನೆ.

ಡ್ಯೂಟಿಗೆ ಬಸ್ಸು ಬಂತು, ಹೊರಗೆ ಹಿಮ. ವಿಡಿಯೋ ಮೊದಲು ನನಗೆ ಕಳಿಸು, ಇವತ್ತೇ. ಅಪ್ಪನಿಗೆ ಗೊತ್ತಾಗದಂತೆ ಮಾಡು, ಇಲ್ಲಾಂದ್ರೆ ಬೇಕಂತಲೇ ಎಚ್ಚರವಾಗಿರ್ತಾರೆ.

ನಿನ್ನ ಮಗಳು