ಹಳೇ ಮೆಷಿನ್ ಕೊಳ್ಳುವ ಮುಂಚೆ

ಮಾನ್ಯ ಸಂಪಾದಕರೇ,

ಸೋಮವಾರಪೇಟೆ ಕಡೆಯ ನಮ್ಮ ಟ್ರಸ್ಟಿನ ಸಣ್ಣ ಆಸ್ಪತ್ರೆಗೆ ಹೋದ ವರ್ಷ ಸೆಕೆಂಡ್‌ಹ್ಯಾಂಡ್ ಎಕ್ಸ್‌ರೇ ಮೆಷಿನ್ ತಂದೆವು. ಅರ್ಧ ಬೆಲೆಗೆ ಸಿಕ್ಕಿತು ಅಂತ ಎಲ್ಲರಿಗೂ ಖುಷಿ. ಆಮೇಲೆ ನೋಡಿದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇಲ್ಲದೆ ಅದನ್ನು ನಡೆಸುವಂತೆಯೇ ಇಲ್ಲ, ಮಾರಿದವರ ಹತ್ತಿರ ಹಳೇ ಕಾಗದಪತ್ರ ಒಂದೂ ಇರಲಿಲ್ಲ. ಸ್ಕ್ಯಾನಿಂಗ್ ಮೆಷಿನ್ ಆದರೆ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ನೋಂದಣಿ ಬೇರೆ.

ಇನ್ನು ನಮ್ಮ ಜುಲೈ ಮಳೆ, ತೇವ, ಕರೆಂಟಿನ ಕಣ್ಣಾಮುಚ್ಚಾಲೆ ಗೊತ್ತಲ್ವಾ? ಮೆಷಿನ್ ಒಳಗಿನ ಹಳೇ ಸರ್ಕ್ಯೂಟ್ ಬೋರ್ಡುಗಳು ತಡೆಯಲ್ಲ, ರಿಪೇರಿಯವರು ಮೈಸೂರಿಂದ ಬರಬೇಕು. ಬಿಡಿಭಾಗ ಇನ್ನೂ ಸಿಗುತ್ತಾ ಅಂತ ತಯಾರಿಸಿದ ಕಂಪನಿಯನ್ನೇ ಕೇಳಿ, ಸರ್ವಿಸ್ ದಾಖಲೆ ಓದಿ, ಮೆಷಿನ್ ಓಡುತ್ತಿರುವ ಜಾಗಕ್ಕೇ ಹೋಗಿ ನೋಡಿ, ಆಮೇಲೆ ದುಡ್ಡು ಕೊಡಿ. ದಾನ ಕೊಡುವವರೂ ಅಷ್ಟೇ, ಕೆಟ್ಟಿದ್ದನ್ನು ಸುಮ್ನೆ ನಮ್ಮ ವರಾಂಡಕ್ಕೆ ತಂದು ಸುರಿಯಬೇಡಿ.

– ಒಬ್ಬ ಟ್ರಸ್ಟಿ, ಕೊಡಗು